ಫ್ರೆಂಚ್ ಕ್ರೀಮು, ದುರುಗಮ್ಮನ ತೋಳು

ದೇವದುರ್ಗದಲ್ಲಿ ಫ್ರೆಂಚ್ ಬಲ್ಲವರು ಒಬ್ಬರೇ ಇದ್ದರು. ಆ ಒಬ್ಬರಿಗೂ ಅದರಿಂದ ಕವಡೆಕಾಸಿನ ಉಪಯೋಗವಿರಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಯಮನಮ್ಮ ಟೀಚರಿಗೆ ಆ ಭಾಷೆ ಕನ್ನಡಿಯೊಳಗಿನ ಗಂಟು. ಕಣ್ಣಿಗೆ ಕಾಣುತ್ತಿತ್ತು, ಬಿಚ್ಚಿ ಉಣ್ಣುವಂತಿರಲಿಲ್ಲ. ಯಾರ ಜೊತೆ ಆಡಬೇಕು? ತಹಶೀಲ್ದಾರರ ಜೊತೆಯೋ, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವವನ ಜೊತೆಯೋ? ಹಾಗಾಗಿ ಹಾಲು ಉಕ್ಕದಂತೆ ಕಾಯುವಾಗ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನಷ್ಟಕ್ಕೆ ಗುನುಗಿಕೊಳ್ಳುತ್ತಿದ್ದಳು. ನೆರೆಮನೆಯ ರಂಜಾನಬಿ ಅದನ್ನು ಕೇಳಿಸಿಕೊಂಡು, ಟೀಚರಮ್ಮ ಹಾಲಿಗೆ ಮಂತ್ರ ಹಾಕುತ್ತಾಳೆಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದಳು.

ಈ ಮಂತ್ರ ಬಂದದ್ದು ರಾಯಚೂರು ಸ್ಟೇಷನ್ನಿನಿಂದ. ಯಮನಮ್ಮನ ಅಪ್ಪ ಮೌನಪ್ಪ ಮಾನ್ವಿ ತಾಲ್ಲೂಕಿನ ಕುರ್ಡಿಯವನು. ಊರಿನ ಕೂಲಿ ಸಾಕಾಗಿ ರಾಯಚೂರಿಗೆ ಬಂದು ಸ್ಟೇಷನ್ನಿನಲ್ಲಿ ಹಮಾಲಿಯಾದವನು. ಒಂದು ಬೇಸಿಗೆಯ ಮಧ್ಯಾಹ್ನ, ರೈಲು ತಡವಾಗಿ, ಸಿಕಂದರಾಬಾದಿಗೆ ಹೊರಟಿದ್ದ ಕಾನ್ವೆಂಟಿನ ಮುದುಕಿ ಸಿಸ್ಟರೊಬ್ಬಳು ಪ್ಲಾಟ್‌ಫಾರ್ಮಿನಲ್ಲಿ ತಲೆಸುತ್ತಿ ಬಿದ್ದಳು. ಮೌನಪ್ಪ ಅವಳಿಗೆ ನೀರು ಕುಡಿಸಿ, ಟವೆಲ್ಲಿನಿಂದ ಗಾಳಿ ಬೀಸಿ, ಸಂಜೆ ರೈಲು ಬರುವವರೆಗೂ ಕಾದು ಕೂತ. ಬಾಯಿ ತುಂಬ ಮಾತಾಡುವ ಜಾತಿಯಲ್ಲ ಅವನು. ಹೆಸರಿಗೆ ತಕ್ಕ ಮನುಷ್ಯ. ಆದರೂ ಆವತ್ತು ತನ್ನ ಎಂಟು ವರ್ಷದ ಮಗಳ ವಿಷಯ ಮಾತಾಡಿದ. ಆ ಮಳೆಗಾಲಕ್ಕೆ ಯಮನಿ ಸಿಕಂದರಾಬಾದಿನ ಕಾನ್ವೆಂಟಿನ ಹಾಸ್ಟೆಲ್ ಸೇರಿದಳು.

ಆ ಸಿಸ್ಟರ್ ಮಾರ್ತಳ ಕಣ್ಣು ಬರಬರುತ್ತ ಮಂದವಾಯಿತು. ಸಂಜೆ ಹೊತ್ತು ಅವಳಿಗೆ ಅವಳ ಫ್ರೆಂಚ್ ಪುಸ್ತಕ ಓದಿ ಹೇಳುವ ಕೆಲಸ ಯಮನಿಯದು. ಮೊದಮೊದಲು ಒಂದಕ್ಷರದ ಅರ್ಥ ತಿಳಿಯದೆ, ಹೇಳಿಕೊಟ್ಟ ಹಾಗೆ ಬರೀ ಸದ್ದು ಓದಿದಳು. ಅರ್ಥ ಆಮೇಲೆ ಯಾವಾಗಲೋ ಒಂದಿನ, ಸಾಕಿದ ಬೆಕ್ಕು ತಾನಾಗಿ ತೊಡೆಯೇರುವಂತೆ, ಬಂದು ಕೂತಿತು. ಕಿಟಕಿಯಾಚೆ ಗುಲ್‌ಮೊಹರು, ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಕೇಳುವ ಮುದುಕಿ, ನಡುವೆ ತನ್ನದೇ ದನಿ. ಮುಂದೆ ಬಿ.ಎ. ಮುಗಿಯಿತು, ಬಿ.ಎಡ್. ಮುಗಿಯಿತು, ಎಪ್ಪತ್ನಾಲ್ಕರಲ್ಲಿ ದೇವದುರ್ಗಕ್ಕೆ ಆರ್ಡರ್ ಬಂತು. ಆ ಸಂಜೆಗಳು ಮಾತ್ರ ಅವಳೊಳಗೆ ಮುಗಿಯಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಹುಡುಗಿ ಬಹಳ ಓದಿದವಳೆಂದು ಗಂಡಿನವರು ಹಿಂದೆ ಸರಿದರು. ಸರಿದವರ ಬಗ್ಗೆ ಅವಳಿಗೂ ಅಂಥ ದುಃಖವೇನೂ ಆಗಲಿಲ್ಲವೆಂದೇ ಹೇಳಬೇಕು. ಮೌನಪ್ಪ ತೀರಿಕೊಂಡ ಮೇಲೆ ಅವ್ವ ದುರುಗಮ್ಮನನ್ನು ತನ್ನ ಬಳಿಗೆ ಕರೆತಂದಳು. ಅಂಗಳದಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಒಂದು ಹೊರಸು, ಇಬ್ಬರು ಹೆಂಗಸರು.

ಎಂಬತ್ಮೂರರ ಸುಮಾರಿಗೆ ಫ್ರೆಂಚಿಗೆ ಕೆಲಸ ಬಂತು. ಅದು ಬಂದದ್ದು ರಾಯಚೂರಿನ ತೀನ್ ಕಂದೀಲಿನ ಬಳಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಜಿಲಾನಿ ಪಾಷಾನ ರೂಪದಲ್ಲಿ. ಅವನ ಭಾವಮೈದುನ ಅಲ್ಲಾಉದ್ದೀನ್ ಜಿಬೂತಿ ಎಂಬ ಬಂದರಿನಲ್ಲಿ ಕೆಲಸಕ್ಕಿದ್ದ. ಅಂಥದ್ದೊಂದು ಊರು ಭೂಮಿಯ ಮೇಲಿದೆ, ಅಲ್ಲಿ ಫ್ರೆಂಚ್ ಆಡುತ್ತಾರೆ ಎಂದು ರಾಯಚೂರಿಗೆ ತಿಳಿದದ್ದೇ ಅವನಿಂದ. ರಜೆಗೆ ಬಂದಾಗ ತಾನೇ ತಂದು, ಉಳಿದಂತೆ ಬರುವವರ ಕೈಯಲ್ಲಿ, ಪೆಟ್ಟಿಗೆಗಟ್ಟಲೆ ಮುಖದ ಕ್ರೀಮು, ಕೈಯ ಕ್ರೀಮು, ಇನ್ನೆಲ್ಲಿಯದೋ ಕ್ರೀಮು ಕಳಿಸುತ್ತಿದ್ದ. ಡಬ್ಬಿಯ ಚೆಲುವಿಗೆ ಕಣ್ಣು ಸೋಲಬೇಕು. ಒಳಗಿನ ಚೀಟಿ ಓದೋಣವೆಂದರೆ ಜಿಲಾನಿ ಪಾಷಾನಿಗೆ ಉರ್ದು, ಕನ್ನಡ, ತೆಲುಗು, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅದರ ಮುಂದೆ ಬಾಗಿಲು ಬಂದ್.

ಅಂದಾಜಿನ ಮೇಲೆ ವ್ಯಾಪಾರ ಮಾಡಿದ. ಅಂದಾಜು ಕೈಕೊಟ್ಟಿತು. ಹಿರೇಕೊಟ್ನೆಕಲ್ಲಿನ ಅಕ್ಕಿ ಗಿರಣಿಯ ವಿರೂಪಣ್ಣನವರಿಗೆ ಮೀಸೆಗೆ ಹಚ್ಚುವ ಮುಲಾಮೆಂದು ಒಂದು ಟ್ಯೂಬು ಕೊಟ್ಟಿದ್ದ. ಅದು ಬೇಡದ ಕೂದಲು ಉದುರಿಸುವ ಕ್ರೀಮು. ವಿರೂಪಣ್ಣನವರ ಮೀಸೆಯೆಂದರೆ ಗಿರಣಿಗಿಂತ ಹಳೆಯ ಆಸ್ತಿ. ಅವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಅಂಗಡಿಗೆ ಬಂದ ದಿನ ಜಿಲಾನಿ ಪಾಷಾ ಹಿಂಬಾಗಿಲಿನಿಂದ ಮಸೀದಿಗೆ ಓಡಿದ್ದ. ಅದೇ ವಾರ ಟಾಲ್ಕಂ ಪೌಡರ್ ಕೊಳ್ಳಲು ಬಂದ ಯಮನಮ್ಮ, ಕೌಂಟರಿನ ಮೇಲಿದ್ದ ಚೀಟಿಯನ್ನು ಸುಮ್ಮನೆ ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದಳು.

"ಯಾ ಅಲ್ಲಾ! ಟೀಚರಮ್ಮಾ, ಇದು ನಿಮಗ ಬರ್ತದೇನ್ರೀ?" ಎಂದು ಜಿಲಾನಿ ಪಾಷಾ ಸ್ಟೂಲಿನಿಂದಿಳಿದ. "ಕುಂದರ್ರಿ, ಕುಂದರ್ರಿ. ಚಾ ತರಸ್ತೀನಿ. ನೀವು ನನ್ನ ಮಾನ ಉಳಸಬೇಕ್ರೀ."

ಅವನಿಗೆ ಬೇಕಾದದ್ದು ಇಂಗ್ಲಿಷು. ಶಕ್ತಿನಗರದಲ್ಲಿ ಕರೆಂಟಿನ ದೊಡ್ಡ ಕಾರ್ಖಾನೆ ಏಳುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಇಂಜಿನಿಯರುಗಳ ಹೆಂಡಂದಿರು ಜೀಪಿನಲ್ಲಿ ಬಂದು ಡಬ್ಬಿಯ ಮೇಲಿನ ಇಂಗ್ಲಿಷ್ ಓದಿಯೇ ಕೊಳ್ಳುವವರು. ಇಂಗ್ಲಿಷ್ ಬಾರದವರೂ ಇಂಗ್ಲಿಷ್ ಇದ್ದ ಡಬ್ಬಿಯನ್ನೇ ಕೇಳುತ್ತಿದ್ದರು. ಪ್ರತಿ ಮಾಲಿಗೂ ಒಂದು ಸಣ್ಣ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಡಬ್ಬಿಯ ಜೊತೆ ಕೊಡುವುದೆಂದಾಯಿತು.

ಮೊದಲ ಚೀಟಿಯನ್ನು ಯಮನಮ್ಮ ನೇರವಾಗಿ ಫ್ರೆಂಚಿನಿಂದ ಇಂಗ್ಲಿಷಿಗೆ ಹಾಕಿದಳು. ಅದು ಉಪ್ಪಿಲ್ಲದ ಸಾರಿನಂತಾಯಿತು. ಅವಳೇ ಓದಿ ಅವಳೇ ಹರಿದಳು. ಸಿಸ್ಟರ್ ಮಾರ್ತಳಿಗೆ ಓದಿ ಹೇಳುತ್ತಿದ್ದ ರೂಢಿ ಆಗ ನೆನಪಾಯಿತೋ ಏನೋ. ಕೇಳುವ ಕಿವಿಯೊಂದಿಲ್ಲದೆ ತನಗೆ ಈ ಭಾಷೆ ದಕ್ಕುವುದಿಲ್ಲವೆಂದು ಹೊಳೆಯಿತು. ಇದ್ದ ಕಿವಿ ಅವ್ವನದು. ಮರುದಿನ ಸಂಜೆ ಹೊರಸಿನ ಮೇಲೆ ಕೂತು, ಚೀಟಿಯ ಒಂದೊಂದು ಮಾತನ್ನೂ ಮೊದಲು ಮನೆಯ ಕನ್ನಡದಲ್ಲಿ ಅವ್ವನಿಗೆ ಹೇಳಿದಳು. ಅವ್ವ ತಲೆದೂಗಿದರೆ ಇಂಗ್ಲಿಷಿಗೆ. ಮುಖ ಕಿವುಚಿದರೆ ಇನ್ನೊಂದು ಮಾತಿಗೆ. ಅದೇ ಅವಳ ಪದ್ಧತಿಯಾಯಿತು.

"ಇದು ಚರ್ಮಕ್ಕ ನೀರು ಕುಡಸ್ತದಂತ ಬೇ."

"ಕಾಲುವಿ ಒಡ್ಡು ತಗದು ಹೊಲಕ್ಕ ನೀರು ಬಿಟ್ಟಂಗ?"

"ಹಂಗ."

"ಬರಿ, ಬರಿ. ಚಂದ ಅದ."

ಇನ್ನೊಂದು ಸಂಜೆ ದಣಿದ ಚರ್ಮಕ್ಕೆಂದೇ ಮಾಡಿದ ಕ್ರೀಮಿನ ಚೀಟಿ ಬಂತು. ದುರುಗಮ್ಮ ಕೇಳಿ ಗಲ್ಲಕ್ಕೆ ಕೈಯಿಟ್ಟಳು. "ಚರ್ಮ ದಣದದ್ದು ಕೇಳ್ತಾರಲ್ಲೇ ಯಮನಿ ಆ ದೇಶದಾಗ! ಇಲ್ಲಿ ಮನಿಶಾರು ದಣದ್ವಿ ಅಂದ್ರ ಯಾರ್ ಕೇಳ್ಯಾರ?" ಎಂದಳು. ದೂರು ಹೇಳುವ ದನಿಯಲ್ಲ ಅದು. ಅಂಥ ದೇಶವೂ ಇದೆಯಲ್ಲ ಎಂಬ ಬೆರಗು.

ಪೀಚ್ ಹಣ್ಣಿನಂಥ ಕೆನ್ನೆ ಎಂದಲ್ಲಿ ಅವ್ವ ಮಗಳು ಒಂದಿಡೀ ಸಂಜೆ ಕಳೆದರು. ರಾಯಚೂರು ಸೀಮೆಯಲ್ಲಿ ಆ ಹಣ್ಣು ಕಂಡವರಿಲ್ಲ. ಸೀತಾಫಲವೆಂದರೆ ಹೊಡೆಯಲು ಬಂದಾರು. ಬಾರಿಹಣ್ಣು ಬಹಳ ಚಿಕ್ಕದು. ಕೊನೆಗೆ ದುರುಗಮ್ಮ ಎಳೆ ಬದನೆಕಾಯಿಯೇ ಸರಿಯೆಂದು ತೀರ್ಪು ಕೊಟ್ಟಳು. ಜಿಲಾನಿ ಪಾಷಾ ಅದನ್ನು ಓದಿ, ಇಂಜಿನಿಯರ್ ಸಾಹೇಬರ ಹೆಂಡತಿಯ ಕೆನ್ನೆಗೆ ಬದನೆಕಾಯಿ ಅಂದರೆ ತನಗೆ ಜೈಲೇ ಗತಿಯೆಂದು ಕೈಮುಗಿದ. ಆ ಒಂದು ಮಾತನ್ನು ತೆಗೆದರು. ಉಳಿದದ್ದೆಲ್ಲ ಹಾಗೇ ಅಚ್ಚಾಯಿತು, ಮಾಲೂ ಓಡಿತು. ಶಕ್ತಿನಗರದ ಹೆಂಗಸರು ಹ್ಯಾಂಡ್‌ಬಿಲ್ಲನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾರೆಂದು ಅವನೇ ಬಂದು ಹೇಳಿದ.

ಆ ದಿನಗಳ ಸುಖ ಯಮನಮ್ಮನಿಗೆ ಆಮೇಲೆಂದೂ ಸಿಗಲಿಲ್ಲ. ಶಾಲೆ ಬಿಟ್ಟು ಬಂದು, ಅಂಗಳಕ್ಕೆ ನೀರು ಚಿಮುಕಿಸಿ, ಚೀಟಿ ಬಿಡಿಸಿದರೆ ಆಯಿತು. ಎಲ್ಲೋ ಹಿಮ ಬೀಳುವ ಊರು, ಹೂವಿನ ನೀರಿನಲ್ಲಿ ಕೈ ತೊಳೆಯುವ ಹೆಂಗಸರು, ಹಗಲು ಮಾಡಿದ ಗಾಯವನ್ನು ಇರುಳು ಕೂತು ಹೊಲಿಯುತ್ತದೆನ್ನುವ ಮಾತು. ಅದನ್ನೆಲ್ಲ ಹೇಳುತ್ತ ಹೇಳುತ್ತ ಅವಳ ದನಿ ಇಳಿಯುತ್ತಿತ್ತು. ಬೇವಿನ ಹೂವು ಉದುರುತ್ತಿತ್ತು. ಕರೆಂಟು ಹೋದರೂ ಗೊತ್ತಾಗುತ್ತಿರಲಿಲ್ಲ. ದುರುಗಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು, ತುಟಿ ಅರೆ ತೆರೆದಿರುತ್ತಿತ್ತು. ಒಮ್ಮೊಮ್ಮೆ ಯಮನಮ್ಮನಿಗೆ ತಾನು ಸಿಕಂದರಾಬಾದಿನಲ್ಲಿದ್ದೇನೋ ದೇವದುರ್ಗದಲ್ಲಿದ್ದೇನೋ ಎಂಬುದೇ ಮರೆತುಹೋಗುತ್ತಿತ್ತು. ತನ್ನನ್ನು ಎಂಟು ವರ್ಷಕ್ಕೆ ದೂರ ಕಳಿಸಿದ ಅವ್ವನಿಗೆ ಆ ದೂರದಿಂದ ಏನನ್ನೋ ತಂದುಕೊಟ್ಟೆ ಎಂದು ಎದೆ ತುಂಬಿ ಬರುತ್ತಿತ್ತು.

ಜಿಲಾನಿ ಪಾಷಾ ಖುಷಿಗೆ ಒಂದು ನೀಲಿ ಡಬ್ಬಿ ಕೊಟ್ಟ. ರಾತ್ರಿ ಹಚ್ಚುವ ಕ್ರೀಮು. ಚೀಟಿ ಇನ್ನೂ ಓದಿರಲಿಲ್ಲ; ವಾಸನೆಗೇ ಸೋತು ಯಮನಮ್ಮ ಅವತ್ತೇ ಅವ್ವನ ತೋಳಿಗೆ ಹಚ್ಚಿದಳು. ಬಿಸಿಲಲ್ಲಿ ಬೆಂದು, ಹತ್ತಿಯ ಮೂಟೆ ಹೊತ್ತು, ಬೇಸಿಗೆಯ ಎರೆಹೊಲದಂತೆ ಬಿರುಕುಬಿಟ್ಟ ತೋಳು. ದುರುಗಮ್ಮ ಮೊದಲು ನಾಚಿದಳು. ಆಮೇಲೆ ಸಂಜೆಯಾದರೆ ತಾನೇ ಕುಪ್ಪಸದ ತೋಳು ಮೇಲೇರಿಸಿ ಕಾಯುತ್ತಿದ್ದಳು.

ಆ ತೋಳಿನ ಮೇಲೆ ಹಚ್ಚೆಯಿತ್ತು. ಮದುವೆಯಾದ ಹೊಸತರಲ್ಲಿ ಚುಚ್ಚಿಸಿಕೊಂಡದ್ದು. ಗಂಡನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಬರೆದು ತೋರಿಸಲು ಅಕ್ಷರವಿಲ್ಲ. ಏನು ಚುಚ್ಚಲಿ ಎಂದು ಹಚ್ಚೆಯವಳು ಕೇಳಿದಾಗ, ದುರುಗಮ್ಮ ಗಂಡನ ತೋಳಿನ ಹಿತ್ತಾಳೆ ಬಿಲ್ಲೆ ಬಿಚ್ಚಿಸಿ ಮುಂದಿಟ್ಟಿದ್ದಳು. ಹಮಾಲಿಗಳಿಗೆ ರೈಲ್ವೆಯವರು ಕೊಡುವ ನಂಬರಿನ ಬಿಲ್ಲೆ. ಹಚ್ಚೆಯವಳು ಅದನ್ನೇ, ಅಂಚಿನ ಸಮೇತ, ನೋಡಿ ಇಳಿಸಿದಳು. ಊರಿನ ಹೆಂಡತಿಯರ ತೋಳಿನಲ್ಲಿ ಗಂಡನ ಹೆಸರಿದ್ದರೆ ದುರುಗಮ್ಮನ ತೋಳಿನಲ್ಲಿ ರೈಲ್ವೆ ಇಲಾಖೆ ಇತ್ತು ಎಂದು ಮೌನಪ್ಪನ ಗೆಳೆಯರು ನಗುತ್ತಿದ್ದರಂತೆ. ಮೌನಪ್ಪ ಮಾತ್ರ ನಗುತ್ತಿರಲಿಲ್ಲವಂತೆ.

ಕೆಲವು ವಾರದ ಮೇಲೆ ನೀಲಿ ಡಬ್ಬಿಯ ಸರದಿ ಬಂತು. ಒಂದು ಕೈಯಲ್ಲಿ ಚೀಟಿ ಹಿಡಿದು, ಇನ್ನೊಂದು ಕೈಯಲ್ಲಿ ಅವ್ವನ ತೋಳು ತಿಕ್ಕುತ್ತ ಯಮನಮ್ಮ ಓದತೊಡಗಿದಳು. ಚೀಟಿ ಬಹಳ ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿ ಅವಳು ಹೇಳಿದಳು.

"ಇದನ್ನ ಹಚಗೊಂಡು ಮಕ್ಕಂಡ್ರ ಹಳೇ ಚರ್ಮ ದಿನಾ ಇಷ್ಟಿಷ್ಟ ಸರದು ಹೋಗ್ತದ ಯವ್ವಾ. ಹಾವು ಪೊರಿ ಬಿಟ್ಟಂಗ, ಸಪ್ಪಳಿಲ್ಲದ. ಒಂದಿನ ಮುಂಜಾನಿ ಎದ್ರ ಮೈಯೆಲ್ಲಾ ಹೊಸಾ ಚರ್ಮ. ನಿನ್ನೀದು ಒಂದೂ ಉಳದಿರೂದಿಲ್ಲ."

ತೋಳು ಕೈಯಿಂದ ಕಿತ್ತುಕೊಂಡಿತು. ದುರುಗಮ್ಮ ಎದ್ದು ನಿಂತಿದ್ದಳು. ಸೆರಗಿನಿಂದ ತೋಳು ಒರೆಸಿದಳು. ಸಾಲದೆಂದು ಬಚ್ಚಲಿಗೆ ಹೋಗಿ ಒಲೆಯ ಬೂದಿ ಹಾಕಿ ತಿಕ್ಕಿದಳು, ಚರ್ಮ ಕೆಂಪಾಗುವವರೆಗೂ ತಿಕ್ಕಿದಳು. "ಇಷ್ಟ ದಿನಾ ಹಚ್ಚಿದೆಲ್ಲೇ ನನಗ! ಹೇಳಲಾರದ ಹಚ್ಚಿದೆಲ್ಲೇ!" ಎಂದು ಕೂಗಿದಳು.

ಯಮನಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಸಮಾಧಾನ ಮಾಡಿ ಕೂರಿಸಿ ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟಳು. ಸತ್ತವರ ಬಂಗಾರ, ಬೆಳ್ಳಿ ಎಲ್ಲವನ್ನೂ ಇಲ್ಲೇ ಬಿಚ್ಚಿಕೊಂಡು ಕಳಿಸುತ್ತಾರೆ, ಮೇಲಿನ ಲೋಕಕ್ಕೆ ಸಂಗಾತಿಯಾಗಿ ಬರುವುದು ಹಚ್ಚೆಯೊಂದೇ. ಇದು ಅವರ ಓಣಿಯ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ. ಆದರೆ ದುರುಗಮ್ಮ ಆ ಲೋಕವನ್ನು ಕಂಡುಕೊಂಡ ಬಗೆ ಅವಳದೇ. ಅದು ರಾಯಚೂರು ಸ್ಟೇಷನ್ನಿನ ಹಾಗಿತ್ತು.

"ಅಲ್ಲಿ ಗರ್ದಿ ಇರ್ತದ ಯಮನಿ. ಎಲ್ಲಾ ಊರಿನೋರು ಇಳೀತಿರ್ತಾರ. ನಿಮ್ಮಪ್ಪ ಪ್ಲಾಟ್‌ಫಾರಂ ಮ್ಯಾಲ ಬಿಲ್ಲಿ ಕಟಗೊಂಡು ನಿಂತಿರ್ತಾನ. ಆತ ಹೋದಾಗ ನಾ ಹಿಂಗ ಇದ್ದಿಲ್ಲ. ಈಗ ಹಲ್ಲು ಬಿದ್ದಾವ, ಮಾರಿ ಇಳದದ. ಮಾರಿ ನೋಡಿ ಗುರ್ತ ಹಿಡಿಯೂದಿಲ್ಲ. ಆತ ಬಾಯಿ ಬಿಟ್ಟು ಕೇಳೋ ಮನಿಶ್ಯಾನೂ ಅಲ್ಲ. ಕೈ ನೋಡೇ ಹಿಡೀಬೇಕು." ಅವಳು ತೋಳನ್ನು ಮಗಳ ಮುಂದೆ ಚಾಚಿದಳು. "ಇದು ಅಳಿಸಿ ಹೋದ್ರ ನಾ ಅಲ್ಲಿ ಯಾರಕಿ?"

ಅಂದಿನಿಂದ ದುರುಗಮ್ಮನ ಊಟ ಅರ್ಧವಾಯಿತು. ಮುಂಜಾನೆಯ ಬಿಸಿಲಿಗೆ ತೋಳು ಹಿಡಿದು ನೋಡುತ್ತಿದ್ದಳು. ಹೋಗಿಬರುವವರನ್ನೆಲ್ಲ ನಿಲ್ಲಿಸಿ, ಇದು ಮಸುಕಾಗಿದೆಯೇ ಎಂದು ಕೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಅವಳಿಗೆ ಲೋಕವೇ ಮಸುಕಾಗಿ ಕಾಣುತ್ತಿತ್ತು, ಹಚ್ಚೆ ಹೇಗೆ ಕಪ್ಪಗೆ ಕಂಡೀತು? ಹೊರಸು ಬೇವಿನ ಕೆಳಗೆ ಖಾಲಿ ಬಿತ್ತು. ಚೀಟಿ ಓದಲು ಹೊರಟರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಉಳಿದದ್ದು ಒಂದೇ ದಾರಿ, ಮತ್ತು ಅದರಲ್ಲಿ ಹೆಜ್ಜೆಯಿಡಲು ಯಮನಮ್ಮನಿಗೆ ಸಂಕಟವಾಯಿತು. ಅವ್ವನ ಹೆದರಿಕೆ ತೆಗೆಯಬೇಕೆಂದರೆ, ಇಷ್ಟು ಸಂಜೆ ತಾನು ಎದೆಯಿಂದ ತೆಗೆದು ಹೇಳಿದ್ದೆಲ್ಲ ವ್ಯಾಪಾರದ ಮಾತೆಂದು ತಾನೇ ಹೇಳಬೇಕು. ಹೇಳಿದರೆ ಆ ಸಂಜೆಗಳು ಹೋದವು. ಅವ್ವ ಇನ್ನು ಕಣ್ಣು ಮುಚ್ಚಿ ಕೇಳುವುದಿಲ್ಲ. ಹೇಳದಿದ್ದರೆ ಅವ್ವನೇ ಹೋಗುತ್ತಾಳೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತು ಕೊನೆಗೂ ಹೇಳಿದಳು.

"ಯವ್ವಾ, ಅದೆಲ್ಲಾ ಸುಳ್ಳು. ಹೊಸಾ ಚರ್ಮ ಬರೂದಿಲ್ಲ. ಮಾಲು ಹೋಗ್ಲಿ ಅಂತ ಹಂಗ ಬರೀತಾರ. ನಾನೂ ಹಂಗ ಬರದೆ."

ದುರುಗಮ್ಮ ರೊಟ್ಟಿ ತಿರುವಿದಳು. "ನನ್ನ ಸಮಾಧಾನಕ್ಕ ಹೇಳಾಕತ್ತೀ," ಎಂದಳು. "ಸುಳ್ಳಿದ್ರ ಅಷ್ಟು ಚಂದ ಯಾಕ ಬರೀತಿದ್ರು? ನೀ ಅಷ್ಟು ಚಂದ ಯಾಕ ಹೇಳ್ತಿದ್ದಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳನ್ನು ಅವ್ವ ಒಂದೇ ಸಲಕ್ಕೆ ನಂಬಿದ್ದಳು, ನಿಜವನ್ನು ತಳ್ಳಿಹಾಕಿದಳು. ಶನಿವಾರ ಯಮನಮ್ಮ ರಾಯಚೂರಿಗೆ ಹೋಗಿ, ಆ ಹ್ಯಾಂಡ್‌ಬಿಲ್ಲಿನಿಂದ ಹೊಸ ಚರ್ಮದ ಸಾಲನ್ನು ತೆಗೆಯಬೇಕೆಂದು ಜಿಲಾನಿ ಪಾಷಾನ ಮುಂದೆ ಹಟ ಹಿಡಿದಳು.

"ಅದ ಸಾಲಿಗೇ ಗಿರಾಕಿ ಬೀಳೋದ್ರೀ ಟೀಚರಮ್ಮಾ!" ಎಂದು ಅವನು ಗೋಳಾಡಿದ. ಒಳಗಿನಿಂದ ಅವನ ಹೆಂಡತಿ ಮುನವ್ವರ್ ಬೀ, ವಿರೂಪಣ್ಣನವರ ಮೀಸೆ ನೆನಪಿದೆಯೇ ಎಂದು ಕೇಳಿದಳು. ಅವನು ಬಾಯಿ ಮುಚ್ಚಿ ಸಾಲು ಹೊಡೆದುಹಾಕಿದ.

ಯಮನಮ್ಮ ಹೊಸ ಅಚ್ಚನ್ನು ತಂದು ಅವ್ವನಿಗೆ ತೋರಿಸಿ, ನೋಡು, ಆ ಮಾತು ತೆಗೆಸಿದೆ ಎಂದಳು. ದುರುಗಮ್ಮ ಅದನ್ನು ತಿರುಗಿಸಿಯೂ ನೋಡಲಿಲ್ಲ. "ಕಾಗದದಾಗಿಂದು ತಗದ್ರ ನನ್ನ ಮೈಯಾಗ ಇಳದದ್ದು ಹೋಗ್ತದೇನು?" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ಚಿಕ್ಕ ಮಕ್ಕಳು ಕೇಳುವಂತೆ, "ನನ್ನ ಮಾನ್ವಿಗೆ ಕರಕೊಂಡು ಹೋಗೇ ಯವ್ವಾ" ಎಂದಳು.

ಮಾನ್ವಿಯ ಸಂತೆಯಲ್ಲಿ, ಬಳೆಗಾರರ ಸಾಲು ಮುಗಿಯುವಲ್ಲಿ, ಹಚ್ಚೆ ಹಾಕುವ ಮುದುಕಿಯೊಬ್ಬಳು ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದಳು. ದುರುಗಮ್ಮ ಅವಳ ಮುಂದೆ ತೋಳು ಚಾಚಿ, ಹಳೆಯ ಗೆರೆಯ ಮೇಲೇ ಮತ್ತೊಮ್ಮೆ ಚುಚ್ಚು ಎಂದಳು. ಮುದುಕಿ ತೋಳನ್ನು ಹೊರಳಿಸಿ ನೋಡಿ, ಇದಕ್ಕೇನಾಗಿದೆ, ಕಪ್ಪಗೆ ಇದೆಯಲ್ಲ ಎಂದಳು. ದುರುಗಮ್ಮ ಕೇಳಲಿಲ್ಲ. ಅರವತ್ತು ದಾಟಿದ ಸಡಿಲ ಚರ್ಮದಲ್ಲಿ ಸೂಜಿ ಆಡತೊಡಗಿತು. ಅವಳು ಹಲ್ಲಿಲ್ಲದ ಒಸಡು ಕಚ್ಚಿಕೊಂಡು, ಸಂತೆಯಾಚೆಗೆ ಎಲ್ಲೋ ನೋಡುತ್ತ ಕೂತಳು. ನೋಯುತ್ತಿತ್ತು, ಆದರೆ ಎಷ್ಟೋ ದಿನಗಳ ಮೇಲೆ ಅವಳ ಹಣೆಯ ಗಂಟು ಬಿಚ್ಚಿತ್ತು. ಯಮನಮ್ಮ ಅವ್ವನ ಭುಜ ಹಿಡಿದುಕೊಂಡು ನಿಂತಿದ್ದಳು. ಇಷ್ಟು ವಯಸ್ಸಾದ ಜೀವಕ್ಕೆ ತನ್ನ ಒಂದು ಚಂದದ ಮಾತಿನಿಂದ ಇಷ್ಟು ನೋವಾಯಿತಲ್ಲ ಎಂದು ಸೂಜಿಯನ್ನೇ ನೋಡುತ್ತಿದ್ದಳು.

ಮುಗಿಯಿತು. ಮುದುಕಿ ಅರಿಶಿನ ಒತ್ತಿದಳು. ದುರುಗಮ್ಮ ತೋಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡು, ತೃಪ್ತಿಯಿಂದ ಉಸಿರು ಬಿಟ್ಟಳು. ಏಳಲು ಮಗಳ ಕೈ ಹಿಡಿದಳು. ಹಿಡಿದವಳು ಏಳಲಿಲ್ಲ. ಆ ಕೈಯನ್ನು ತಿರುಗಿಸಿ, ಮೊಣಕೈಯವರೆಗೆ ಬೆರಳಾಡಿಸಿದಳು. ಕಾನ್ವೆಂಟಿನ ಸಿಸ್ಟರುಗಳು ಹಚ್ಚೆಯನ್ನು ಒಪ್ಪುವವರಲ್ಲ. ಹೊರಡುವ ಮೊದಲು ಚುಚ್ಚಿಸಲು ಎಂಟು ವರ್ಷದ ಹುಡುಗಿಗೆ ವಯಸ್ಸೂ ಆಗಿರಲಿಲ್ಲ. ತೋಳು ನುಣ್ಣಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ.

"ನಿಂದು ಖಾಲಿ ಅದಲ್ಲೇ," ಎಂದಳು ದುರುಗಮ್ಮ, ಈಗಷ್ಟೇ ಕಂಡವಳಂತೆ. "ನಿಮ್ಮಪ್ಪ ನನ್ನ ಹಿಡೀತಾನ. ಆಮ್ಯಾಲ ನೀ ಬರ್ತೀ. ನಾ ನಿನ್ನ ಹೆಂಗ ಗುರ್ತ ಹಿಡೀಲಿ? ಒಮ್ಮಿ ಕಳಕೊಂಡಿನಿ ನಿನ್ನ, ಸಣ್ಣಾಕಿದ್ದಾಗ."

ಯಮನಮ್ಮ ಗೋಣಿಚೀಲದ ಮೇಲೆ ಕೂತು ತೋಳು ಚಾಚಿದಳು. ಮುದುಕಿ ಸೂಜಿ ಒರೆಸಿಕೊಂಡು, ಏನು ಚುಚ್ಚಲಿ ಎಂದು ಅವಳನ್ನೇ ಕೇಳಿದಳು. ಯಮನಮ್ಮ ಅವ್ವನ ಕಡೆ ನೋಡಿದಳು.

"ಏನರ ಹಾಕವ್ವ," ಎಂದಳು ದುರುಗಮ್ಮ, ಮಗಳ ಕೈ ಬಿಡದೆ. "ನನಗ ಗೊತ್ತಾದ್ರ ಸಾಕು."

ಮುದುಕಿ ತೋಳನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲ ಚುಕ್ಕೆ ಚುಚ್ಚಿದಳು.